ಪೀಕಿಂಗಿನಿಂದ ಬಂದ ಜೋಡಿ ತಟ್ಟೆ: ಒಂದು ಪಾಲುಪಟ್ಟಿಯ ಪ್ರಕರಣ

ಕುಟುಂಬದವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಬಡಾವಣೆ, ವೃತ್ತಿ, ವಯಸ್ಸುಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಹಳೆಯ ವಸ್ತುಗಳ ಸಂರಕ್ಷಣೆ ನನ್ನ ಕಸುಬು. ಅವರು ನನ್ನನ್ನು ಕರೆಸಿದ್ದು ಒಂದು ತಟ್ಟೆಯ ಅಂಚಿನಲ್ಲಿ ಕಂಡ ಕೂದಲೆಳೆಯಷ್ಟು ಬಿರುಕನ್ನು ನೋಡಲು. ಬೆಲೆಯ ಮಾತು ಆಮೇಲೆ ಬಂತು, ಬಂದದ್ದೇ ಉಳಿದೆಲ್ಲ ಮಾತನ್ನೂ ಹಿಂದೆ ತಳ್ಳಿತು.

ಹಿನ್ನೆಲೆ

ಬೆಂಗಳೂರಿನ ದಂಡು ಪ್ರದೇಶಕ್ಕೆ ಹತ್ತಿರದ ಹಳೆಯ ಮನೆ. ತಂದೆ ತೀರಿಕೊಂಡ ಮೇಲೆ ಅಲ್ಲಿರುವವರು ಹಿರಿಯ ಮಗಳು. ಇಲ್ಲಿ ಅವರನ್ನು ಅಕ್ಕ ಎನ್ನೋಣ. ದೊಡ್ಡ ತಮ್ಮ ಅಮೆರಿಕದಲ್ಲಿ, ಚಿಕ್ಕ ತಮ್ಮ ಮೈಸೂರಿನಲ್ಲಿ. ಮನೆ, ಸೈಟು, ಒಡವೆ ಎಲ್ಲ ಜಗಳವಿಲ್ಲದೆ ಪಾಲಾಗಿತ್ತು. ಬಾಕಿ ಉಳಿದಿದ್ದು ಊಟದ ಕೋಣೆಯ ಗೋಡೆಯಲ್ಲಿ ಸ್ಪ್ರಿಂಗ್ ತಂತಿಯ ಕೊಕ್ಕೆಗೆ ಸಿಕ್ಕಿಸಿದ್ದ ಎರಡು ಚೀನೀ ತಟ್ಟೆಗಳು.

ಅವನ್ನು ತಂದವರು ಮುತ್ತಾತ. ಅವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದರು. ಆ ಪಡೆಯ ಕೇಂದ್ರ ಬೆಂಗಳೂರೇ, ಇಂದಿಗೂ. ಚೀನಾಕ್ಕೆ ಅದು ಒಂದಕ್ಕಿಂತ ಹೆಚ್ಚು ಸಲ ಹೋಗಿದೆ. 1860ರಲ್ಲಿ ಬ್ರಿಟಿಷರೂ ಫ್ರೆಂಚರೂ ಪೀಕಿಂಗಿನವರೆಗೆ (ಇಂದಿನ ಬೀಜಿಂಗ್) ನುಗ್ಗಿ ಹಳೆಯ ಬೇಸಿಗೆ ಅರಮನೆ ಯುವಾನ್‌ಮಿಂಗ್‌ಯುವಾನ್ ಅನ್ನು ಲೂಟಿ ಮಾಡಿ ಸುಟ್ಟಾಗ ಸ್ಯಾಪರ್ಸ್ ಆ ದಂಡಯಾತ್ರೆಯಲ್ಲಿದ್ದರು. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಅಡಗಿಸಲು ಎಂಟು ದೇಶಗಳ ಸೇನೆ ಹೋದಾಗಲೂ ಇದ್ದರು. ಹಾಗಾಗಿ ಮನೆಯಲ್ಲಿ ಒಂದೇ ಕಥೆಗೆ ಎರಡು ಪಾಠ. ಅಕ್ಕ ಕೇಳಿದ್ದು, ತಟ್ಟೆ ಸುಟ್ಟ ಬೇಸಿಗೆ ಅರಮನೆಯದು ಎಂದು. ದೊಡ್ಡ ತಮ್ಮ ಕೇಳಿದ್ದು, 1900ರಲ್ಲಿ ಓಡಿಹೋದ ರಾಜಮಾತೆ ತ್ಸಿಷಿಯ ಊಟದ ಮನೆಯದು ಎಂದು. ಎರಡರಲ್ಲೂ ಮುತ್ತಾತ ತಮ್ಮ ಕೈಯಾರೆ ಅರಮನೆಯಿಂದ ಎತ್ತಿಕೊಂಡು ಬಂದವರೇ.

ತಟ್ಟೆಗಳ ನೆಲಬಣ್ಣ ನವಿಲಿನ ಕತ್ತಿನ ಹಸಿರುನೀಲಿ. ಅದರ ಮೇಲೆ ನೇರಳೆ ಗೊಂಚಲಾಗಿ ಇಳಿಬಿದ್ದ ವಿಸ್ಟೀರಿಯಾ ಬಳ್ಳಿ, ನಡುವೆ ಗುಲಾಬಿ. ಎಸಳಿನ ಬುಡದಲ್ಲಿ ಕಡುಗೆಂಪು, ತುದಿಗೆ ಬರುಬರುತ್ತ ಬಿಳಿ. ಈ ಗುಲಾಬಿ ಬಣ್ಣ ಹುಟ್ಟುವುದು ಚಿನ್ನದ ಅತಿಸೂಕ್ಷ್ಮ ಕಣಗಳಿಂದ. ಅದನ್ನು ತೆಳುವಾಗಿಸುವ ಅಪಾರದರ್ಶಕ ಬಿಳಿ ಸೀಸ ಮತ್ತು ಆರ್ಸೆನಿಕ್ ಕೂಡಿದ್ದು. ಪಿಂಗಾಣಿಯನ್ನು ಮೊದಲು ಸುಮಾರು 1300 ಡಿಗ್ರಿಯಲ್ಲಿ ಸುಟ್ಟು, ಅದರ ಮೇಲೆ ಬಣ್ಣ ಬರೆದು, ಮತ್ತೆ ತೀರ ಕಡಿಮೆ ಉರಿಯಲ್ಲಿ, ಸುಮಾರು 800 ಡಿಗ್ರಿಯ ಒಳಗೆ, ಇನ್ನೊಮ್ಮೆ ಸುಡುತ್ತಾರೆ. ಅಂದರೆ ಹೂವುಗಳು ಮೆರುಗಿನ ಒಳಗಿಲ್ಲ, ಮೇಲೆ ಕೂತಿವೆ. ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ಈ ಪ್ರಕರಣದಲ್ಲಿ ಆ ಸಂಗತಿಗೆ ಬೆಲೆ ತೆರಬೇಕಾಯಿತು. ಆಯುಧಪೂಜೆಯ ಹಿಂದಿನ ದಿನ ಹಿತ್ತಾಳೆ ಸಾಮಾನಿನ ಜೊತೆ ಈ ತಟ್ಟೆಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕುವ ರೂಢಿ ಮನೆಯಲ್ಲಿತ್ತು. ಸೀಸದ ಬಣ್ಣಕ್ಕೆ ಹುಳಿ ವೈರಿ. ಒಂದು ತಟ್ಟೆಯ ಗುಲಾಬಿ ಮಂಕಾಗಿ ಸುಣ್ಣ ಬಳಿದಂತಾಗಿತ್ತು. ರಾಮನವಮಿಗೆ ಅದರಲ್ಲೇ ನಿಂಬೆಹುಳಿ ಹಿಂಡಿದ ಕೋಸಂಬರಿ ಹಾಕಿ ಕೊಡುತ್ತಿದ್ದರಂತೆ. ಹುಳಿ ಸೀಸವನ್ನು ಊಟಕ್ಕೂ ಇಳಿಸುತ್ತದೆ. ಬಿರುಕಿನ ಮಾತು ಆಡುವ ಮೊದಲು ನಾನು ನಿಲ್ಲಿಸಿದ್ದು ಇದನ್ನು.

ಸಮಸ್ಯೆ ಶುರುವಾದದ್ದು

2021ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಸೋತ್‌ಬೀಸ್ ಹರಾಜಿನಲ್ಲಿ ಒಂದು ಪುಟ್ಟ ಚೀನೀ ಬಟ್ಟಲು 7,21,800 ಡಾಲರಿಗೆ ಹೋಯಿತು. ನೀಲಿ ಹೂಬಳ್ಳಿಯ, 15ನೇ ಶತಮಾನದ ಯೋಂಗ್ಲೆ ಚಕ್ರವರ್ತಿಯ ಕಾಲದ ಬಟ್ಟಲು. ಕನೆಕ್ಟಿಕಟ್‌ನಲ್ಲಿ ಯಾರದೋ ಮನೆಯಂಗಳದ ಹಳೇ ಸಾಮಾನಿನ ಮಾರಾಟದಲ್ಲಿ ಅದನ್ನು ಕೊಂಡವರು ಕೊಟ್ಟಿದ್ದು 35 ಡಾಲರ್. ಈ ಸುದ್ದಿ ದೊಡ್ಡ ತಮ್ಮನ ತಲೆಯಲ್ಲಿ ಕೂತಿತ್ತು. ಪಾಲಿನ ಮಾತು ಬಂದಾಗ ಅವರು ಹೇಳಿದ್ದಿಷ್ಟು: "ಅಕ್ಕಾ, ಮುಂದಿನ ಸಲ ಬಂದಾಗ ಬಟ್ಟೆ ಸುತ್ತಿ ಸೂಟ್‌ಕೇಸಲ್ಲಿ ಇಟ್ಕೊಂಡು ಹೋಗ್ತೀನಿ. ಅಲ್ಲಿ ಮಾರಿ ಮೂರು ಪಾಲು ಮಾಡೋಣ."

ಅಷ್ಟರಲ್ಲಿ ಚಿಕ್ಕ ತಮ್ಮ ಪರಿಚಯದ ಮೂಲಕ ಒಬ್ಬ ಮಧ್ಯವರ್ತಿಯನ್ನು ಕರೆತಂದಿದ್ದರು. ಆತ ತಟ್ಟೆ ಮಗುಚಿ ಹಿಂದಿನ ಕೆಂಪು ಅಕ್ಷರ ನೋಡಿದ. ನಾಲ್ಕೇ ಅಕ್ಷರ. ಚೀನೀ ಅರಮನೆಯ ಪಿಂಗಾಣಿಗೆ ಸಾಮಾನ್ಯವಾಗಿ ಆರು ಅಕ್ಷರದ ಮುದ್ರೆ: ರಾಜವಂಶ, ಚಕ್ರವರ್ತಿಯ ಆಳ್ವಿಕೆಯ ಹೆಸರು, ಆ ಕಾಲದಲ್ಲಿ ಮಾಡಿದ್ದು ಎಂಬ ಮಾತು. ಇದರಲ್ಲಿ ಚಕ್ರವರ್ತಿಯ ಹೆಸರೇ ಇಲ್ಲ, ಆದ್ದರಿಂದ ಪೇಟೆ ಮಾಲು ಎಂದ. ಪೇಟೆ ಮಾಲಿಗೆ ಕೊಡಬಹುದಾದ ದರ ಹೇಳಿದ. ಪೇಟೆ ಮಾಲನ್ನು ಅವತ್ತೇ ಒಯ್ಯಲು ಅವಸರವನ್ನೂ ಪಟ್ಟ. ಅಕ್ಕನಿಗೆ ಅನುಮಾನ ಹುಟ್ಟಿದ್ದು ಆ ಅವಸರ ಕಂಡು. ಹಳೆಯ ಕಲಾವಸ್ತುಗಳ ವ್ಯಾಪಾರಕ್ಕೆ ಬೇಕಾದ ಸರ್ಕಾರಿ ಪರವಾನಗಿ ತೋರಿಸಿ ಎಂದು ಕೇಳಿದ ಮೇಲೆ ಆತ ಫೋನ್ ಎತ್ತಲಿಲ್ಲ.

ಮುದ್ರೆಯ ಬಗ್ಗೆ ಆತ ಹೇಳಿದ್ದರಲ್ಲಿ ಅರ್ಧ ನಿಜ. ಆ ನಾಲ್ಕು ಅಕ್ಷರ "ಯೋಂಗ್‌ಚಿಂಗ್ ಚಾಂಗ್‌ಚುನ್". ತಟ್ಟೆಯ ಅಂಚಿನ ಬಳಿ ಹೂಗಳ ನಡುವೆ ಇನ್ನೂ ಮೂರು ಅಕ್ಷರವಿತ್ತು, "ದಾಯಾಜಾಯ್", ಅರಮನೆಯ ಒಂದು ಕೋಣೆಯ ಹೆಸರು. ಅದರ ಪಕ್ಕದಲ್ಲಿ ಎರಡು ಡ್ರ್ಯಾಗನ್‌ಗಳ ನಡುವೆ ಮೊಟ್ಟೆಯಾಕಾರದ ಮುದ್ರೆ. ಇವು ಮೂರೂ ಒಟ್ಟಿಗೆ ಇರಬೇಕಾದದ್ದು ಒಬ್ಬರ ಸಾಮಾನಿನ ಮೇಲೆ ಮಾತ್ರ: ರಾಜಮಾತೆ ತ್ಸಿಷಿ. 1860ರಲ್ಲಿ ಸುಟ್ಟುಹೋದ ಬೇಸಿಗೆ ಅರಮನೆಯಲ್ಲಿ ಆಕೆ ಯೌವನ ಕಳೆದಿದ್ದಳು. ಅದನ್ನು ಮತ್ತೆ ಕಟ್ಟಿಸಲು ಮಗ, ತೋಂಗ್‌ಝಿ ಚಕ್ರವರ್ತಿ, 1873ರಲ್ಲಿ ಹೊರಟ. ಬೊಕ್ಕಸ ಬರಿದಾಗಿದ್ದರಿಂದ 1874ರಲ್ಲಿ ಕೆಲಸ ನಿಂತಿತು. ಕಟ್ಟಡ ನಿಂತರೂ ಅದಕ್ಕೆಂದು ಹೇಳಿದ ಪಿಂಗಾಣಿ ನಿಲ್ಲಲಿಲ್ಲ. ಹೂಗಳ ನಮೂನೆಯನ್ನು ಪೀಕಿಂಗಿನಲ್ಲಿ ಬಣ್ಣದಲ್ಲಿ ಬರೆಸಿ ಜಿಯಾಂಗ್ಷಿ ಪ್ರಾಂತ್ಯದ ಜಿಂಗ್‌ದೆಜೆನ್‌ಗೆ ಕಳಿಸಿದ್ದರು. ಅಲ್ಲಿನ ಅರಮನೆಯ ಆವಿಗೆಗಳು ತೈಪಿಂಗ್ ಎಂಬ ಅಂತರ್ಯುದ್ಧದಲ್ಲಿ ಹಾಳಾಗಿ, 1866ರಲ್ಲಿ ಮತ್ತೆ ಎದ್ದಿದ್ದವು. ತಟ್ಟೆ ಸುಟ್ಟು ತಯಾರಾಗುವ ಹೊತ್ತಿಗೆ ತೋಂಗ್‌ಝಿ ಸತ್ತು, 1875ರಲ್ಲಿ ಗುವಾಂಗ್‌ಶು ಎಂಬ ಬಾಲಕ ಪಟ್ಟಕ್ಕೆ ಬಂದಿದ್ದ. ಚಕ್ರವರ್ತಿಯ ಹೆಸರು ಹಾಕಿಸಿಕೊಳ್ಳದೆ ಹೆಂಗಸೊಬ್ಬಳು ತನ್ನ ಕೋಣೆಯ ಹೆಸರಿನ ಮುದ್ರೆ ಹಾಕಿಸಿಕೊಂಡದ್ದು ಆ ಆಸ್ಥಾನದಲ್ಲಿ ಸಣ್ಣ ಮಾತಲ್ಲ.

ಇಷ್ಟು ತಿಳಿದದ್ದೇ ಮನೆಯ ಎರಡು ಕಥೆಗಳಲ್ಲಿ ಒಂದು ಬಿತ್ತು. 1870ರ ದಶಕದಲ್ಲಿ ಸುಟ್ಟ ತಟ್ಟೆಯನ್ನು 1860ರ ಲೂಟಿಯಲ್ಲಿ ಯಾರೂ ತರಲಾರರು.

ಆದರೆ ದಾಯಾಜಾಯ್ ಎಂದರೆ ನಕಲಿಗಳ ಸಂತೆಯೂ ಹೌದು. ಚೆಲುವಾದ ಮಾದರಿ, ಕಥೆಯೂ ಜೊತೆಗಿದೆ. 20ನೇ ಶತಮಾನದ ಮೊದಲ ದಶಕಗಳಿಂದ ಇವತ್ತಿನವರೆಗೂ ಅದೇ ಮುದ್ರೆ ಹಾಕಿ ಮಾಡುತ್ತಲೇ ಇದ್ದಾರೆ.

ಏನೇನು ಮಾಡಿ ನೋಡಿದರು

ಚಿಕ್ಕ ತಮ್ಮನಿಗೆ ಪ್ರಯೋಗಾಲಯದ ಪರೀಕ್ಷೆಯ ಮೇಲೆ ನಂಬಿಕೆ. ಥರ್ಮೋಲುಮಿನೆಸೆನ್ಸ್ ಪರೀಕ್ಷೆಗೆ ತಟ್ಟೆಯ ತಳದಲ್ಲಿ ಸಣ್ಣದಾಗಿ ಕೊರೆದು ಚೂರು ತೆಗೆಯಬೇಕು. ಕೊನೆಯ ಸಲ ಬೆಂಕಿ ಕಂಡು ಎಷ್ಟು ಕಾಲವಾಯಿತು ಎಂದು ಅದು ಅಂದಾಜು ಹೇಳುತ್ತದೆ. ನಾನು ಬೇಡ ಎಂದೆ. ನೂರಾರು ವರ್ಷ ಹಿಂದಿನ ಮಿಂಗ್ ಕಾಲದ್ದೋ ಇತ್ತೀಚಿನದೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲದು. ನಮ್ಮ ಪ್ರಶ್ನೆ 1875ರದೋ 1920ರದೋ ಎಂಬುದು, ಆ ಅಂತರ ಪರೀಕ್ಷೆಯ ತಪ್ಪಳತೆಯೊಳಗೇ ಮುಳುಗಿಹೋಗುತ್ತದೆ. ಬಣ್ಣದಲ್ಲಿ ಯಾವ ಧಾತುಗಳಿವೆ ಎಂದು ಕೊರೆಯದೆ ತೋರಿಸುವ ಎಕ್ಸ್-ರೇ ಫ್ಲೋರೆಸೆನ್ಸ್ ಕೂಡ ಇಲ್ಲಿ ಅಷ್ಟೇ. ಹಸಿರಿನಲ್ಲಿ ಕ್ರೋಮಿಯಂ ಸಿಕ್ಕರೆ 18ನೇ ಶತಮಾನದ್ದಲ್ಲ ಎನ್ನಬಹುದು, ಏಕೆಂದರೆ ಆ ಧಾತುವೇ ಪತ್ತೆಯಾದದ್ದು 1790ರ ದಶಕದ ಕೊನೆಗೆ. ತ್ಸಿಷಿಯ ಕಾಲಕ್ಕೂ ನಕಲಿಗೂ ನಡುವೆ ಅದು ಗೆರೆ ಎಳೆಯದು. ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾಗದ ಪರೀಕ್ಷೆಗೆ ತಟ್ಟೆ ತೂತು ಮಾಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ವರದಿಯ ಮೇಲಿನ ಮೊಹರು ನೋಡಿ ಸಮಾಧಾನ ಪಡುತ್ತಾರೆ.

ಬದಲಿಗೆ ಅಗ್ಗದ ಕೆಲಸ ಮಾಡಿದೆವು. ಎರಡೂ ತಟ್ಟೆಗಳನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲೆ ಕಂಬಳಿ ಹಾಸಿ, ಮೊದಲ ಬಾರಿಗೆ ಅಕ್ಕಪಕ್ಕ ಇಟ್ಟೆವು. ಮನೆಯಲ್ಲಿ ತಲೆಮಾರುಗಳಿಂದ ಜೋಡಿ ಎಂದೇ ಕರೆಸಿಕೊಂಡವು. ಗೋಡೆಯ ಮೇಲೆ ಆರಡಿ ಅಂತರದಲ್ಲಿ ಜೋಡಿಯೇ. ಮೇಜಿನ ಮೇಲೆ ಅಲ್ಲ. ಒಂದರ ನೆಲಬಣ್ಣದಲ್ಲಿ ಸಣ್ಣ ಅಲೆಯಿದೆ, ಇನ್ನೊಂದರದು ಸಮತಟ್ಟು. ಒಂದರ ಎಸಳಿನಲ್ಲಿ ಗುಲಾಬಿ ಬಿಳಿಗೆ ಕರಗುವ ಕಡೆ ಕುಂಚದ ಗೀರು ಕಾಣುತ್ತದೆ. ಇನ್ನೊಂದರಲ್ಲಿ ಗುಲಾಬಿ ಹಚ್ಚಿ, ಬಿಳಿ ಹಚ್ಚಿ, ನಡುವೆ ಗೆರೆ ಎಳೆದು ಮುಗಿಸಿದ್ದಾರೆ. ಒಂದರ ಬಳ್ಳಿ ತಿರುಗುವಲ್ಲಿ ತೆಳ್ಳಗಾಗಿ ಮತ್ತೆ ದಪ್ಪವಾಗುತ್ತದೆ. ಇನ್ನೊಂದರ ಬಳ್ಳಿ ಉದ್ದಕ್ಕೂ ಒಂದೇ ದಪ್ಪ.

ಆಮೇಲೆ ಕತ್ತಲೆ ಮಾಡಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟೆವು. ಬಿರುಕಿದ್ದ ತಟ್ಟೆಯ ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಹಾಲಿನಂತೆ ಹೊಳೆಯಿತು. ಹಿಂದೆ ಯಾವಾಗಲೋ ಚಕ್ಕೆ ಎದ್ದಿದ್ದನ್ನು ರಾಳ ತುಂಬಿ, ಮೇಲೆ ಬಣ್ಣ ಬಳಿದಿದ್ದಾರೆ. ಬಿರುಕು ಹೊರಟಿದ್ದು ಅಲ್ಲಿಂದಲೇ, ಸ್ಪ್ರಿಂಗ್ ಕೊಕ್ಕೆ ಒತ್ತುತ್ತಿದ್ದ ಜಾಗದಿಂದ. ಇನ್ನೊಂದು ತಟ್ಟೆಯಲ್ಲಿ ಏನೂ ಹೊಳೆಯಲಿಲ್ಲ. ಪೂರ್ತಿ ದೋಷವಿಲ್ಲದ್ದು.

ಈ ಚಿತ್ರಗಳನ್ನೆಲ್ಲ, ತಳದ ಮಣ್ಣು ಕಾಣುವ ಬಳೆಯ ಹತ್ತಿರದ ಫೋಟೋ ಸಮೇತ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ತಜ್ಞರಿಗೆ ಕಳಿಸಿದರು. ಬಳ್ಳಿ ಎಲ್ಲಿ ತಿರುಗುತ್ತದೆ, ಗೊಂಚಲು ಎಲ್ಲಿ ಬೀಳುತ್ತದೆ ಎಂಬುದನ್ನು ಪೀಕಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ಮೂಲ ನಮೂನೆಗಳ ಜೊತೆ ಹೋಲಿಸಲು ಅವರಿಗೆ ಸಾಧ್ಯವಿತ್ತು. ಇಬ್ಬರೂ ಹೇಳಿದ್ದು ಒಂದೇ. ಚಕ್ಕೆ ಎದ್ದ, ಹುಣಸೆಹಣ್ಣಿಗೆ ಬಣ್ಣ ಕಳೆದುಕೊಂಡ, ಬಿರುಕು ಬಿಟ್ಟ ತಟ್ಟೆ ಬಹುಮಟ್ಟಿಗೆ ಅರಮನೆಯ ಆವಿಗೆಯದೇ. ದೋಷವಿಲ್ಲದ ಚೆಲುವೆ ಆಮೇಲೆ ಮಾಡಿದ ನಕಲು. ಫೋಟೋ ನೋಡಿ ಹೇಳಿದ ಅಭಿಪ್ರಾಯ ಇದು, ಕೈಯಲ್ಲಿ ಹಿಡಿದು ನೋಡಿದ್ದಲ್ಲ ಎಂದು ಇಬ್ಬರೂ ಷರಾ ಬರೆದಿದ್ದರು.

ಆ ಹೊತ್ತಿಗೆ ಅಣ್ಣತಮ್ಮಂದಿರೊಳಗೆ ಒಂದು ಬಾಯಿಮಾತಿನ ಒಪ್ಪಂದ ಆಗಿಹೋಗಿತ್ತು: ಚೆನ್ನಾಗಿರುವುದು ಅಮೆರಿಕಕ್ಕೆ, ಒಡೆದದ್ದು ಅಕ್ಕನಿಗೆ. ಅಕ್ಕ ಈ ವರದಿ ಓದಿ ತಮ್ಮಂದಿರಿಗೆ ಅವತ್ತೇ ಕಳಿಸಿದರು. ಕಳಿಸದೆಯೂ ಇರಬಹುದಿತ್ತು.

ಪದಕ

ದೊಡ್ಡ ತಮ್ಮ ವಿದೇಶದ ಒಂದು ಹರಾಜು ಸಂಸ್ಥೆಗೂ ಬರೆದಿದ್ದರು. ಅವರ ಉತ್ತರದಲ್ಲಿ ಬೆಲೆ ಇರಲಿಲ್ಲ, ಎರಡು ಪ್ರಶ್ನೆ ಇತ್ತು. ತಟ್ಟೆ ನಿಮ್ಮ ಮನೆಗೆ ಬಂದದ್ದು ಹೇಗೆ ಎಂಬುದಕ್ಕೆ ದಾಖಲೆ ಏನಿದೆ? ಭಾರತದಿಂದ ಕಾನೂನುಬದ್ಧವಾಗಿ ಹೊರಬರುತ್ತದೆ ಎಂಬುದಕ್ಕೆ ಕಾಗದ ಎಲ್ಲಿದೆ?

ಮೊದಲನೆಯದಕ್ಕೆ ಕಬ್ಬಿಣದ ಪೆಟ್ಟಿಗೆಯಲ್ಲಿ ಉತ್ತರದಂಥದ್ದೊಂದು ಸಿಕ್ಕಿತು: ಮುತ್ತಾತನ ಬೆಳ್ಳಿ ಪದಕ, ಅಂಚಿನ ಸುತ್ತ ಹೆಸರು, ಪಡೆ ಕೊರೆದದ್ದು. 1900ರ ಚೀನಾ ಯುದ್ಧ ಪದಕ. ಅವರು ಅಲ್ಲಿದ್ದರು ಎಂಬುದಕ್ಕೆ ಗಟ್ಟಿ ಸಾಕ್ಷಿ. ಆದರೆ ಪೀಕಿಂಗಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ವಿದೇಶಿ ದೂತಾವಾಸಗಳನ್ನು ಬಿಡಿಸಲು ಹೋದ ದಂಡಿನಲ್ಲಿದ್ದವರ ಪದಕದ ರಿಬ್ಬನ್ನಿನ ಮೇಲೆ "ರಿಲೀಫ್ ಆಫ್ ಪೀಕಿನ್" ಎಂಬ ಪಟ್ಟಿ ಇರುತ್ತದೆ. ಇದರಲ್ಲಿ ಪಟ್ಟಿ ಇಲ್ಲ. 1900ರ ಆಗಸ್ಟ್ 14ರಂದು ಸೇನೆ ನಗರಕ್ಕೆ ನುಗ್ಗಿದಾಗ, ಮರುದಿನ ತ್ಸಿಷಿ ರೈತ ಹೆಂಗಸಿನ ವೇಷದಲ್ಲಿ ಓಡಿಹೋದಾಗ, ಮುತ್ತಾತ ಆ ದಂಡಿನಲ್ಲಿ ಇದ್ದಿರಲಾರರು. ಆ ವರ್ಷದ ಕೊನೆಯೊಳಗೆ ಉತ್ತರ ಚೀನಾಕ್ಕೆ ಬಂದವರಿಗೂ ಪದಕ ಸಿಗುತ್ತಿತ್ತು. ಲೂಟಿಯ ಮಾಲು ಆಗ ಬೀದಿಬೀದಿಯಲ್ಲಿ ಮಾರಾಟವಾಗುತ್ತಿತ್ತು. ಬ್ರಿಟಿಷ್ ದೂತಾವಾಸದ ಆವರಣದಲ್ಲೇ ಹರಾಜು ಕೂಗುತ್ತಿದ್ದರು. ಅಸಲಿ ತಟ್ಟೆಯನ್ನು ಅವರು ಕೊಂಡಿರುವ ಸಾಧ್ಯತೆಯೇ ಹೆಚ್ಚು. ಜೋಡಿಯಾಗಲೆಂದು ನಕಲನ್ನು ಆಮೇಲೆ ಯಾರೋ ತಂದು ಸೇರಿಸಿರಬೇಕು.

ಅಕ್ಕನಿಗೆ ಇದರಿಂದ ನಿರಾಳವಾಯಿತು. ದೊಡ್ಡ ತಮ್ಮನಿಗೆ ನಿರಾಸೆ. "ಅರಮನೆಯಿಂದ ನೇರ ಬಂದದ್ದು" ಎಂಬ ಮಾತು ಕ್ಯಾಟಲಾಗಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದುಕೊಂಡಿದ್ದರು. ನನಗೆ ಅನಿಸುವುದು ಬೇರೆ. ಲೂಟಿಯ ವಸ್ತು ಹರಾಜಿನಲ್ಲಿ ಕೈ ಬದಲಿಸಿದರೂ ಲೂಟಿಯದೇ. ಆದರೆ ಸುಳ್ಳು ಶೌರ್ಯಕ್ಕಿಂತ ಪಟ್ಟಿಯಿಲ್ಲದ ಪದಕ ಒಳ್ಳೆಯ ದಾಖಲೆ.

ತಿರುವು

ಎರಡನೆಯ ಪ್ರಶ್ನೆ ವಕೀಲರ ಮೇಜಿಗೆ ಹೋಯಿತು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲಕೃತಿಗಳನ್ನು ಅದು ಪುರಾತನ ವಸ್ತು ಎನ್ನುತ್ತದೆ. ಭಾರತದಲ್ಲೇ ಮಾಡಿರಬೇಕು ಎಂದು ಹೇಳುವುದಿಲ್ಲ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟರೆ ಯಾರೂ ಅಂಥದ್ದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಸಾಗಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ದೇಶದೊಳಗೆ ಮಾರಲೂಬಹುದು. ಸೂಟ್‌ಕೇಸಿನ ಯೋಜನೆ ಅಲ್ಲಿಗೆ ಮುಗಿಯಿತು.

ಇಲ್ಲಿ ಗಂಟು ಪೂರ್ತಿ ಕಾಣುತ್ತದೆ. ತಟ್ಟೆಗೆ ವಯಸ್ಸಿದ್ದರೆ ಬೆಲೆಯಿದೆ, ಹೋಗಲು ದಾರಿಯಿಲ್ಲ. ವಯಸ್ಸಿಲ್ಲದಿದ್ದರೆ ದಾರಿಯಿದೆ, ಬೆಲೆಯಿಲ್ಲ. ಹೆಚ್ಚು ಬೆಲೆ ಕೊಡುವವರು ಚೀನಾ, ಹಾಂಗ್‌ಕಾಂಗ್‌ಗಳಲ್ಲಿದ್ದಾರೆ. ಇಲ್ಲಿ ತ್ಸಿಷಿಯ ತಟ್ಟೆಗೆ ಕೈಯೆತ್ತುವವರು ಬೆರಳೆಣಿಕೆ.

ದೊಡ್ಡ ತಮ್ಮ ಜಾಣರು. ಪುರಾತತ್ವ ಇಲಾಖೆಯಿಂದ 'ಪುರಾತನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಸಿಗುತ್ತದೆಂದು ಓದಿಕೊಂಡಿದ್ದರು. ಫೋನಿನಲ್ಲಿ ಆ ಮಾತು ಬಂದಾಗ ನಾನೂ ಅಲ್ಲಿದ್ದೆ.

"ಎರಡೂ ನಕಲು ಅಂತ ಅರ್ಜಿ ಹಾಕು ಅಕ್ಕಾ. ಹೇಗೂ ಚಕ್ಕೆ ಎದ್ದಿದೆ, ಯಾರು ನೋಡ್ತಾರೆ?"

"ಅಲ್ಲೋ, ಇಲ್ಲಿ ಆಫೀಸಲ್ಲಿ ನಕಲು ಅಂತ ಬರೆಸಿ, ಅಲ್ಲಿ ಹರಾಜಲ್ಲಿ ಅಸಲಿ ಅಂತ ಮಾರ್ತೀಯಾ? ಕೊಂಡವನು ಆ ಕಾಗದ ಕೇಳಿದ್ರೆ ಯಾವುದನ್ನ ತೋರಿಸ್ತೀಯಾ?"

ಫೋನಿನ ಆ ಕಡೆ ಮಾತಿಲ್ಲ. ಈ ಪ್ರಕರಣದ ನಿಜವಾದ ತಿರುವು ಇದೇ ಎಂದು ನನ್ನೆಣಿಕೆ. ಕಾನೂನಿನ ಭಯ ಕೆಲವು ದಿನ ತಡೆದೀತು. ಅಕ್ಕನ ಲೆಕ್ಕ ಯೋಜನೆಯನ್ನೇ ಅರ್ಥವಿಲ್ಲದ್ದು ಮಾಡಿತು.

ನಕಲನ್ನಾದರೂ ಕಳಿಸೋಣ ಎಂಬ ಪ್ರಸ್ತಾಪವೂ ಬಂತು. ಅದಕ್ಕೆ ವಕೀಲರು ಕೇಳಿದ ಪ್ರಶ್ನೆ ಸರಳ: ನಕಲು ಮಾಡಿದ್ದು ಯಾವ ವರ್ಷ? 1915ರದಾದರೆ ನಕಲಿಗೂ ನೂರು ತುಂಬಿದೆ. ಕಾಯ್ದೆ ಅಸಲಿ-ನಕಲಿ ಕೇಳುವುದಿಲ್ಲ, ವಯಸ್ಸು ಕೇಳುತ್ತದೆ. ನೂರರ ಆ ಗೆರೆ ವರ್ಷ ವರ್ಷ ಮುಂದೆ ಸರಿಯುತ್ತಲೂ ಇದೆ. ನೂರು ತುಂಬಿಲ್ಲ ಎಂದು ಸಹಿ ಹಾಕಲು ಮೂವರಲ್ಲಿ ಯಾರೂ ಮುಂದೆ ಬರಲಿಲ್ಲ. ಅರ್ಜಿ ಹಾಕಲಿಲ್ಲ.

ಕೊನೆಗೆ ಆದದ್ದು

ಎರಡು ತಟ್ಟೆಗಳೂ ಪಾಲುಪತ್ರದಲ್ಲಿ ಮೂವರ ಜಂಟಿ ಆಸ್ತಿ ಎಂದು ದಾಖಲಾದವು, ಪ್ರತಿಯೊಂದಕ್ಕೂ ಬೇರೆ ಬೇರೆ ವಿವರಣೆ ಮತ್ತು ಫೋಟೋ ಸಹಿತ. ಇಟ್ಟುಕೊಳ್ಳುವವರು ಅಕ್ಕ. ಮಾರುವುದಾದರೆ ದೇಶದೊಳಗೆ, ಮೂವರ ಒಪ್ಪಿಗೆಯ ಮೇಲೆ. ವಸ್ತುಸಂಗ್ರಹಾಲಯಕ್ಕೆ ಕೊಡುವ ಮಾತೂ ಬಂದಿದೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಟಾಟಾ ಸಹೋದರರ ಚೀನೀ ಸಂಗ್ರಹವಿದೆ, ಹೈದರಾಬಾದಿನ ಸಾಲಾರ್ ಜಂಗ್‌ನಲ್ಲೂ ಚೀನೀ ಪಿಂಗಾಣಿ ಬಹಳವಿದೆ. ಎರಡನ್ನೂ ಹೋಗಿ ನೋಡಿಬರಲು ಅಕ್ಕನಿಗೆ ಹೇಳಿದ್ದೇನೆ. ನಕಲನ್ನೂ ಅಸಲಿಯ ಜೊತೆಗೇ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಒಂದರ ಪಕ್ಕ ಇನ್ನೊಂದಿದ್ದರೇ ನೋಡುವವರ ಕಣ್ಣು ಪಳಗುತ್ತದೆ.

ಇಂಥ ತಟ್ಟೆ ಮನೆಯಲ್ಲಿರುವವರು ಕೇಳಿದರೆ ನಾನು ಹೇಳುವ ಕ್ರಮ ಈ ಕುಟುಂಬ ನಡೆದ ದಾರಿಗೆ ತಿರುಗುಮುರುಗು. ಇವರು ಬೆಲೆಯಿಂದ ಹೊರಟು, ಮುದ್ರೆಗೆ ಬಂದು, ವಸ್ತುವನ್ನು ನೋಡಿ, ಕೊನೆಗೆ ಕಾನೂನಿಗೆ ಬಂದರು. ಮೊದಲು ಕೊಕ್ಕೆಯಿಂದ ಇಳಿಸಿ. ಹುಣಸೆಹಣ್ಣು, ವಿಮ್, ಬಿಸಿನೀರು ಬೇಡ. ಮೆತ್ತನೆಯ ಒಣ ಕುಂಚ ಸಾಕು. ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಅಂಚು, ತಳದ ಬಳೆ ಫೋಟೋ ತೆಗೆಯಿರಿ. ಮನೆಯಲ್ಲಿರುವ ಪದಕ, ಪತ್ರ, ರಸೀದಿ ಹುಡುಕಿ, ಅವು ಮನೆಯ ಕಥೆಗೆ ಎದುರಾಡಿದರೂ ಬಿಸಾಡಬೇಡಿ. ಮುದ್ರೆಯನ್ನು ಕೊನೆಗೆ ಓದಿ, ಏಕೆಂದರೆ ನಕಲು ಮಾಡುವವನು ಮೊದಲು ಕಲಿಯುವುದು ಅದನ್ನೇ. ಕೊರೆಯುವ ಪರೀಕ್ಷೆಗೆ ಮುನ್ನ, ಅದು ಯಾವ ಎರಡು ಉತ್ತರಗಳ ನಡುವೆ ತೀರ್ಮಾನ ಕೊಡುತ್ತದೆ ಎಂದು ಬರೆದು ಕೊಡಲು ಕೇಳಿ. ಬೆಲೆಯ ಮಾತನ್ನು ಅಲ್ಲಿಯವರೆಗೂ ಯಾರ ಬಾಯಲ್ಲೂ ಬರಗೊಡಬೇಡಿ. ಬಂದರೆ ಮನೆಮಂದಿಯ ಕಣ್ಣು ತಟ್ಟೆಯ ಮೇಲಿಂದ ಒಬ್ಬರಿನ್ನೊಬ್ಬರ ಮೇಲೆ ಹೋಗುತ್ತದೆ.

ದೊಡ್ಡ ತಮ್ಮ ಆ ವರ್ಷ ಊರಿಗೆ ಬಂದಾಗ, ತಟ್ಟೆ ಬೇಡ, ಮುತ್ತಾತನ ಪದಕವನ್ನಾದರೂ ಕೊಡಿ ಎಂದರು. ಎಲ್ಲರೂ ಒಪ್ಪಿದರು. ವಕೀಲರು ಕೆಮ್ಮಿ, ಪದಕಕ್ಕೂ ನೂರು ದಾಟಿದೆ ಸ್ವಾಮಿ ಎಂದರು. ಪದಕ ಈಗ ಮೈಸೂರಿನಲ್ಲಿದೆ. ಅವರು ತೆಗೆದುಕೊಂಡು ಹೋದದ್ದು ಎರಡೂ ತಟ್ಟೆಗಳ ದೊಡ್ಡ ಗಾತ್ರದ ಫೋಟೋ. ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿಕೊಂಡಿದ್ದಾರಂತೆ, ಯಾವುದು ಅಸಲಿ ಹೇಳಿ ಎಂದು ಬಂದವರನ್ನೆಲ್ಲ ಕೇಳುತ್ತಾರಂತೆ.